ತಕ್ಕಡಿ ಇಳಿಯಿತು, ಆಮೇಲೆ?

ಅಮೆರಿಕದ ಎನ್‌ಬಿಸಿ ಟೀವಿಯಲ್ಲಿ 2004ರಲ್ಲಿ ಶುರುವಾಯ್ತು 'ದಿ ಬಿಗ್ಗೆಸ್ಟ್ ಲೂಸರ್' ಎಂಬ ತೂಕ ಇಳಿಸುವ ಪಂದ್ಯ. ದಪ್ಪಗಿದ್ದವರನ್ನು ಒಂದೆಡೆ ಇರಿಸಿ, ಅರೆಹೊಟ್ಟೆಯಲ್ಲಿ ಗಂಟೆಗಟ್ಟಲೆ ಬೆವರು ಹರಿಸೋದು, ವಾರವಾರ ತಕ್ಕಡಿ ಹತ್ತಿಸೋದು. ಗೆದ್ದವರಿಗೆ ಎರಡೂವರೆ ಲಕ್ಷ ಡಾಲರ್. 2009ರಲ್ಲಿ ಗೆದ್ದ ಡ್ಯಾನಿ ಕಾಹಿಲ್ ಏಳು ತಿಂಗಳಲ್ಲಿ ಇಳಿಸಿದ್ದು 108 ಕಿಲೋ! ಜನ ಬಾಯಿ ಬಿಟ್ಟುಕೊಂಡು ನೋಡಿದರು.

ಕ್ಯಾಮೆರಾ ಹೋದ ಮೇಲಿನ ಕಥೆಯೇ ಬೇರೆ. ಆ ಪಂದ್ಯದ 14 ಮಂದಿಯನ್ನು ಆರು ವರ್ಷದ ನಂತರ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ತಂಡ ಪರೀಕ್ಷೆ ಮಾಡಿತು. 2016ರಲ್ಲಿ ವರದಿ ಬಂತು. ಸರಾಸರಿ 58 ಕಿಲೋ ಇಳಿಸಿದ್ದವರಿಗೆ 41 ಕಿಲೋ ವಾಪಸ್! ನಾಲ್ವರು ಮೊದಲಿಗಿಂತಲೂ ದಪ್ಪ. ಕಾಹಿಲ್‌ಗೂ 45 ಕಿಲೋ ಮೀರಿ ಮರಳಿತ್ತು.

ಬಾಯಿಚಪಲ ಅಂತ ಹಂಗಿಸೋದು ಸುಲಭ. ಆದರೆ ಅಷ್ಟೇ ತೂಕದ ಬೇರೆಯವರಿಗಿಂತ ಇವರ ದೇಹ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತಿತ್ತು. ಅಂದ್ರೆ ಹೆಚ್ಚುಕಡಿಮೆ ಒಂದು ಹೊತ್ತಿನ ಊಟ. ಹಸಿವು ಅಡಗಿಸುವ ಲೆಪ್ಟಿನ್ ಹಾರ್ಮೋನೂ ಕುಸಿದಿತ್ತು. ಟೀವಿಯವರು ಇಳಿದ ಲೆಕ್ಕ ತೋರಿಸಿದರು. ದೇಹ ಬಾಕಿ ವಸೂಲಿ ಮಾಡಿದ್ದನ್ನು ತೋರಿಸಲಿಲ್ಲ.

ಬಸ್ ಸ್ಟ್ಯಾಂಡ್ ಗೋಡೆಯಲ್ಲಿ 'ತಿಂಗಳಿಗೆ ಹತ್ತು ಕಿಲೋ ಇಳಿಸಿ' ಎಂಬ ಪೋಸ್ಟರ್ ಕಂಡರೆ ಒಂದೇ ಮಾತು ಕೇಳಿ: ಸ್ವಾಮೀ, ಆರು ವರ್ಷ ಆದ್ಮೇಲೆ ಎಷ್ಟು ತೂಗ್ತಾರೆ?