ತಿದ್ದಿ ಓದುವವನ ಹೊಣೆ

ಬರೆದವನು ತಪ್ಪಿದಾಗ ಓದುವವನ ಕರ್ತವ್ಯವೇನು? ಈ ಪ್ರಶ್ನೆ ಬರವಣಿಗೆಯಷ್ಟೇ ಹಳೆಯದು. ಓಲೆಗರಿಯ ಪ್ರತಿಯಲ್ಲಿ ಲಿಪಿಕಾರನು ಒಂದು ಅಕ್ಷರವನ್ನು ಬಿಟ್ಟಿದ್ದರೆ ಬಲ್ಲವನು ಅದನ್ನು ಊಹಿಸಿ ಓದಿಕೊಳ್ಳುತ್ತಾನೆ. ಕಾಗದದಲ್ಲಿ ಕಾಗುಣಿತ ತಪ್ಪಿದ್ದರೂ ಬರೆದವನ ಅಭಿಪ್ರಾಯ ನಮಗೆ ತಿಳಿಯುತ್ತದೆ. ಆದರೆ ಓದುವ ಕೆಲಸದ ಬಹುಭಾಗವನ್ನು ನಾವೀಗ ಗಣಕಯಂತ್ರಗಳಿಗೆ ಒಪ್ಪಿಸಿದ್ದೇವೆ. ಯಂತ್ರವು ತಪ್ಪನ್ನು ಕಂಡೊಡನೆ ಓದುವುದನ್ನು ನಿಲ್ಲಿಸಬೇಕೆ, ಅಥವಾ ತನಗೆ ತೋರಿದಂತೆ ತಿದ್ದಿಕೊಂಡು ಮುಂದುವರಿಯಬೇಕೆ? ಅಂತರಜಾಲದ ಸುದ್ದಿಯೋಲೆಗಳನ್ನು ಓದುವ ಕ್ರಮವಿಧಿಗಳ ಚರಿತ್ರೆಯಲ್ಲಿ ಈ ವಿವಾದವು ಬಹಳ ಸ್ಪಷ್ಟವಾಗಿ ಕಾಣಿಸಿಕೊಂಡಿದೆ. ಅದನ್ನು ಆಧಾರವಾಗಿಟ್ಟುಕೊಂಡು ನನ್ನ ಅಭಿಪ್ರಾಯವನ್ನು ವಿದ್ಯಾರ್ಥಿಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ವಸ್ತುಪರಿಚಯ. ಒಂದು ಜಾಲತಾಣದಲ್ಲಿ ಹೊಸ ಬರೆಹ ಬಂದಿದೆಯೇ ಎಂದು ತಿಳಿಯಲು ಓದುಗನು ಪ್ರತಿದಿನವೂ ಅಲ್ಲಿಗೆ ಹೋಗಿ ನೋಡಬೇಕಾಗಿಲ್ಲ. ಜಾಲತಾಣವೇ ತನ್ನ ಹೊಸ ಬರೆಹಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ ಇಟ್ಟಿರುತ್ತದೆ. ಪ್ರತಿಯೊಂದು ಬರೆಹದ ಶೀರ್ಷಿಕೆ, ಅದರ ವಿಳಾಸ, ಪ್ರಕಟವಾದ ದಿನಾಂಕ, ಸಾರಾಂಶ ಇವು ಆ ಪಟ್ಟಿಯಲ್ಲಿರುತ್ತವೆ. ಇದಕ್ಕೆ ಫೀಡ್ ಎಂದು ಹೆಸರು. ಓದುಗನ ಗಣಕವು ಆಗಾಗ್ಗೆ ಈ ಪಟ್ಟಿಯನ್ನು ತರಿಸಿಕೊಂಡು, ಹೊಸದೇನಿದೆಯೆಂದು ತಿಳಿಸುತ್ತದೆ. ಇದು ಪತ್ರಿಕಾಪ್ರಿಯರ ಹವ್ಯಾಸ ಮಾತ್ರವೆಂದು ಯಾರೂ ಭಾವಿಸಬೇಕಾಗಿಲ್ಲ. 2000ದಲ್ಲಿ ಇಂಥ ಪಟ್ಟಿಗೆ ಧ್ವನಿಕಡತವನ್ನು ಲಗತ್ತಿಸುವ ಏರ್ಪಾಡು ಸೇರಿತು. ನಾವು ಇಂದು ಪಾಡ್‌ಕಾಸ್ಟ್ ಎಂದು ಕರೆಯುವ ಶ್ರವ್ಯಮಾಲೆಗಳು ಈಗಲೂ ಮುಖ್ಯವಾಗಿ ಈ ಏರ್ಪಾಡನ್ನೇ ನೆಮ್ಮಿಕೊಂಡಿವೆ.

ಈ ಪಟ್ಟಿಯನ್ನು ಓದಲು ಪ್ರತಿಯೊಬ್ಬ ಕ್ರಮವಿಧಿಕಾರನೂ ಹೊಸದಾಗಿ ಶ್ರಮಪಡುವುದಿಲ್ಲ. ಯಾರೋ ಒಬ್ಬರು ಬರೆದು ಎಲ್ಲರ ಉಪಯೋಗಕ್ಕಾಗಿ ಬಿಟ್ಟಿರುವ ಸಿದ್ಧ ಕ್ರಮವಿಧಿಗಳ ಸಂಗ್ರಹವನ್ನು, ಎಂದರೆ ಲೈಬ್ರರಿಯನ್ನು, ಅವನು ಬಳಸಿಕೊಳ್ಳುತ್ತಾನೆ. ಲೈಬ್ರರಿಯ ಕೆಲಸ ಎರಡು ಬಗೆಯದು. ಮೊದಲನೆಯದು, ಅಕ್ಷರಗಳ ಸಾಲಾಗಿ ಬಂದ ಪಟ್ಟಿಯನ್ನು ಬಿಡಿಸಿ ಯಾವುದು ಶೀರ್ಷಿಕೆ, ಯಾವುದು ದಿನಾಂಕ ಎಂದು ಗುರುತಿಸುವುದು. ಹಳಗನ್ನಡ ಪದ್ಯವನ್ನು ಓದುವಾಗ ನಾವು ಮಾಡುವ ಪದಚ್ಛೇದ ಮತ್ತು ಅನ್ವಯಗಳಿಗೆ ಇದನ್ನು ಹೋಲಿಸಬಹುದು. ಎರಡನೆಯದು, ಹೀಗೆ ಬಿಡಿಸಿದ ಭಾಗಗಳನ್ನು ಒಂದು ನಿಶ್ಚಿತವಾದ ರೂಪದಲ್ಲಿ ಜೋಡಿಸಿ ಬಳಸುವವನ ಕೈಗೆ ಕೊಡುವುದು. ಪಟ್ಟಿಗಳೆಲ್ಲವೂ ಒಂದೇ ನಿಯಮದಂತೆ ಬರೆಯಲ್ಪಟ್ಟಿದ್ದರೆ ಇದು ಸುಲಭವಾದ ಕೆಲಸವಾಗುತ್ತಿತ್ತು. ಆದರೆ ವಾಸ್ತವಸ್ಥಿತಿ ಹಾಗಿಲ್ಲ.

1999ರ ಮಾರ್ಚಿಯಲ್ಲಿ ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯು ಆರ್.ಎಸ್.ಎಸ್. ಎಂಬ ಮೊದಲ ರೂಪವನ್ನು ಹೊರತಂದಿತು. ಅದನ್ನು ರೂಪಿಸಿದವರಲ್ಲಿ ಮದರಾಸಿನ ಐ.ಐ.ಟಿ.ಯಲ್ಲಿ ಓದಿದ ರಾಮನಾಥನ್ ಗುಹ ಅವರು ಪ್ರಮುಖರು. ಅದೇ ವರ್ಷದ ಜುಲೈಯಲ್ಲಿ ಅದರ ಪರಿಷ್ಕೃತ ರೂಪ ಬಂದಿತು. ಬಳಿಕ ದಾರಿ ಕವಲೊಡೆಯಿತು. 2000ದ ಡಿಸೆಂಬರಿನಲ್ಲಿ ಒಂದು ಗುಂಪು 1.0 ಎಂಬ ರೂಪವನ್ನು ಪ್ರಕಟಿಸಿತು. ಡೇವ್ ವೈನರ್ ಅವರು ಇನ್ನೊಂದು ಕವಲನ್ನು ಬೆಳೆಸಿ 2002ರಲ್ಲಿ 2.0 ಎಂಬ ರೂಪವನ್ನು ಪ್ರಕಟಿಸಿದರು. ಅಂಕಿಗಳನ್ನು ನೋಡಿದರೆ ಎರಡನೆಯದು ಮೊದಲನೆಯದರ ಮುಂದುವರಿಕೆಯೆಂದು ತೋರುತ್ತದೆ. ನಿಜವಾಗಿ ಅವು ಬೇರೆ ಬೇರೆ ವಂಶದವು. ಆರ್.ಎಸ್.ಎಸ್. ಎಂಬ ಮೂರಕ್ಷರಗಳಿಗೇ ‘ಆರ್.ಡಿ.ಎಫ್. ಸೈಟ್ ಸಮ್ಮರಿ’, ‘ರಿಚ್ ಸೈಟ್ ಸಮ್ಮರಿ’, ‘ರಿಯಲಿ ಸಿಂಪಲ್ ಸಿಂಡಿಕೇಶನ್’ ಎಂಬ ಮೂರು ವಿವರಣೆಗಳು ಹುಟ್ಟಿಕೊಂಡವು. ಒಂದಕ್ಕೊಂದು ಹೊಂದದ ಒಂಬತ್ತು ರೂಪಗಳಿವೆಯೆಂದು 2004ರಲ್ಲಿ ಮಾರ್ಕ್ ಪಿಲ್‌ಗ್ರಿಮ್ ಎಂಬವರು ಎಣಿಸಿ ತೋರಿಸಿದರು. ಈ ಗೊಂದಲವನ್ನು ತಪ್ಪಿಸಲೆಂದು ಆಟಂ ಎಂಬ ಹೊಸ ರೂಪವು 2005ರ ಡಿಸೆಂಬರಿನಲ್ಲಿ ಅಂತರಜಾಲದ 4287ನೆಯ ನಿಯಮಪತ್ರವಾಗಿ ಪ್ರಕಟವಾಯಿತು. ಅದು ಹಿಂದಿನವುಗಳಿಗಿಂತ ನಿಷ್ಕೃಷ್ಟವಾದುದು ನಿಜ. ಆದರೆ ಹಿಂದಿನವು ಮರೆಯಾಗಲಿಲ್ಲವಾದ ಕಾರಣ ಓದುವ ಕ್ರಮವಿಧಿಗೆ ಕಲಿಯಬೇಕಾದ ಭಾಷೆ ಇನ್ನೊಂದು ಹೆಚ್ಚಿತು, ಅಷ್ಟೆ.

ರೂಪಗಳು ಬೇರೆಯಾದುದರಿಂದ ಬರುವ ತೊಡಕು ಎಂಥದೆಂಬುದಕ್ಕೆ ಶೀರ್ಷಿಕೆಯನ್ನೇ ನೋಡಬಹುದು. ‘ವೇಗ < 5 ಆದಾಗ’ ಎಂಬ ಶೀರ್ಷಿಕೆಯ ಲೇಖನವೊಂದಿದೆಯೆನ್ನೋಣ. ಇಲ್ಲಿರುವ < ಎಂಬ ಗುರುತು ಗಣಿತದ ‘ಕಡಿಮೆ’ ಎಂಬ ಚಿಹ್ನೆಯೇ, ಅಥವಾ ಅಕ್ಷರವಿನ್ಯಾಸವನ್ನು ತಿಳಿಸುವ ಆಜ್ಞೆಯ ಆರಂಭವೇ? ಆರ್.ಎಸ್.ಎಸ್. 2.0 ಇದನ್ನು ಸ್ಪಷ್ಟವಾಗಿ ಹೇಳುವುದಿಲ್ಲ. ಓದುವ ಕ್ರಮವಿಧಿಯು ತಪ್ಪಾಗಿ ಊಹಿಸಿದರೆ ಶೀರ್ಷಿಕೆಯ ಅರ್ಧಭಾಗವೇ ಕಾಣೆಯಾಗಬಹುದು. ಆಟಂ ರೂಪದಲ್ಲಿ ಬರೆಯುವವನು ಇದು ಬರಿಯ ಪಠ್ಯವೋ ವಿನ್ಯಾಸಸಹಿತವಾದ ಪಠ್ಯವೋ ಎಂಬುದನ್ನು ಸೂಚಿಸಲು ಅವಕಾಶವಿದೆ. ಸೂಚಿಸದಿದ್ದರೆ ಬರಿಯ ಪಠ್ಯವೆಂದೇ ತಿಳಿಯಬೇಕು.

ದಿನಾಂಕದ ಸ್ಥಿತಿಯೂ ಹೀಗೆಯೇ. ಆರ್.ಎಸ್.ಎಸ್. 2.0 ತನ್ನ ದಿನಾಂಕಕ್ಕೆ 1982ರ ಮಿಂಚಂಚೆಯ ನಿಯಮವನ್ನು ಅನುಸರಿಸುತ್ತದೆ, ಆಟಂ 2002ರ ಬೇರೊಂದು ನಿಯಮವನ್ನು ಅನುಸರಿಸುತ್ತದೆ. ಎರಡನ್ನೂ ಅನುಸರಿಸದೆ ಮನಸ್ಸಿಗೆ ಬಂದಂತೆ ಬರೆಯುವವರು ಮೂರನೆಯ ವರ್ಗದವರು. 03/04/2005 ಎಂದು ಬರೆದರೆ ನಾವು ಏಪ್ರಿಲ್ ಮೂರು ಎನ್ನುತ್ತೇವೆ, ಅಮೆರಿಕದವರು ಮಾರ್ಚ್ ನಾಲ್ಕು ಎನ್ನುತ್ತಾರೆ. ಕಾಲವಲಯವನ್ನು ಬಿಟ್ಟರೆ ಇನ್ನೊಂದು ತೊಡಕು. ಭಾರತದಲ್ಲಿ ಆಗಸ್ಟ್ 15ರ ಬೆಳಗಿನ ಜಾವ 2 ಗಂಟೆಗೆ ಪ್ರಕಟವಾದ ಬರೆಹವು ವಿಶ್ವಸಮಯದಲ್ಲಿ ಆಗಸ್ಟ್ 14ರ ರಾತ್ರಿ 8 ಗಂಟೆ 30 ನಿಮಿಷದ್ದಾಗುತ್ತದೆ. ಐದೂವರೆ ಗಂಟೆಯ ಅಂತರವನ್ನು ಮರೆತವನು ದಿನವನ್ನೇ ತಪ್ಪಿಸುತ್ತಾನೆ.

ಕನ್ನಡಿಗರಾದ ನಮಗೆ ಹೆಚ್ಚು ತಟ್ಟುವ ಉದಾಹರಣೆ ಅಕ್ಷರಸಂಕೇತದ್ದು. ಯೂನಿಕೋಡ್ ಪದ್ಧತಿಯಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಯು.ಟಿ.ಎಫ್.-8 ಎಂಬ ಬರವಣಿಗೆಯ ಕ್ರಮದಲ್ಲಿ ಇದು 224, 178, 149 ಎಂಬ ಮೂರು ಬೈಟುಗಳಾಗಿ ಪ್ರಯಾಣ ಮಾಡುತ್ತದೆ. ಓದುವ ಯಂತ್ರವು ಇದನ್ನು ಪಶ್ಚಿಮ ಯೂರೋಪಿನ ಭಾಷೆಗಳಿಗಾಗಿ ರಚಿತವಾದ ಸಂಕೇತವೆಂದು ಭ್ರಮಿಸಿದರೆ, ಒಂದು ಅಕ್ಷರಕ್ಕೆ ಬದಲಾಗಿ ಮೂರು ವಿಚಿತ್ರ ಚಿಹ್ನೆಗಳು ಮೂಡುತ್ತವೆ. ‘ಕನ್ನಡ’ ಎಂಬ ಚಿಕ್ಕ ಮಾತು ಹದಿನೈದು ಬೈಟುಗಳ ಕಸದ ರಾಶಿಯಾಗುತ್ತದೆ. 2001ರ 3023ನೆಯ ನಿಯಮಪತ್ರದ ಪ್ರಕಾರ, ಪಟ್ಟಿಯನ್ನು ಕಳುಹಿಸುವ ಸರ್ವರ್ ಅದನ್ನು ‘ಟೆಕ್ಸ್ಟ್/ಎಕ್ಸ್‌ಎಂಎಲ್’ ಎಂದು ಕರೆದು ಅಕ್ಷರಸಂಕೇತವನ್ನು ಹೇಳದೆ ಬಿಟ್ಟರೆ, ಪಟ್ಟಿಯ ಒಳಗೆ ಏನೇ ಬರೆದಿರಲಿ, ಅದನ್ನು 128 ಚಿಹ್ನೆಗಳ ಆಸ್ಕಿ ಸಂಕೇತವೆಂದೇ ತಿಳಿಯಬೇಕಾಗಿತ್ತು. ಆ 128ರಲ್ಲಿ ಕನ್ನಡದ ಒಂದಕ್ಷರವೂ ಇಲ್ಲ. ಎಂದರೆ, ತಾನು ಯು.ಟಿ.ಎಫ್.-8 ಎಂದು ಮೊದಲ ಸಾಲಿನಲ್ಲಿಯೇ ಸಾರುವ ಶುದ್ಧ ಕನ್ನಡ ಪಟ್ಟಿಯೂ ಕಟ್ಟುನಿಟ್ಟಾದ ಓದುಗನ ಕಣ್ಣಿಗೆ ಅಶುದ್ಧವಾಗುತ್ತಿತ್ತು. 2014ರಲ್ಲಿ 7303ನೆಯ ನಿಯಮಪತ್ರವು ಬಂದು ಈ ನಿಯಮವನ್ನು ತೆಗೆದುಹಾಕಿತು.

ಇಂಥ ಸಂದರ್ಭಗಳಲ್ಲಿ ಏನು ಮಾಡಬೇಕೆಂಬ ವಿಷಯದಲ್ಲಿ ಎರಡು ಪಂಥಗಳಿವೆ. ಮೊದಲನೆಯದು ಕಠಿಣ ಪಂಥ. ಈ ಪಟ್ಟಿಗಳನ್ನು ಬರೆಯುವುದು ಎಕ್ಸ್.ಎಂ.ಎಲ್. ಎಂಬ ಭಾಷೆಯಲ್ಲಿ. ದಸ್ತಾವೇಜು ಸುಘಟಿತವಾಗಿಲ್ಲವೆಂದು ಕಂಡೊಡನೆ ಸಾಮಾನ್ಯ ರೀತಿಯ ವಾಚನವನ್ನು ನಿಲ್ಲಿಸಬೇಕೆಂದು 1998ರ ಫೆಬ್ರವರಿಯಲ್ಲಿ ಪ್ರಕಟವಾದ ಅದರ ನಿಯಮಾವಳಿ ವಿಧಿಸಿತು. ಆ ನಿಯಮಾವಳಿಯ ಸಂಪಾದಕರಲ್ಲಿ ಒಬ್ಬರಾದ ಟಿಮ್ ಬ್ರೇ ಅವರು ಫೀಡುಗಳ ವಿಷಯದಲ್ಲಿಯೂ ಈ ಪಕ್ಷವನ್ನೇ ಸಮರ್ಥಿಸಿದರು. ಎರಡನೆಯದು ಉದಾರ ಪಂಥ. ಕಳುಹಿಸುವಾಗ ಕಟ್ಟುನಿಟ್ಟಾಗಿರು, ಸ್ವೀಕರಿಸುವಾಗ ಉದಾರನಾಗಿರು ಎಂಬ ತಾತ್ಪರ್ಯದ ಸೂತ್ರವನ್ನು ಜಾನ್ ಪೋಸ್ಟೆಲ್ ಅವರು 1980ರಲ್ಲಿ ಅಂತರಜಾಲದ ನಿಯಮಪತ್ರವೊಂದರಲ್ಲಿ ಬರೆದರು. ಪಿಲ್‌ಗ್ರಿಮ್ ಅವರು ಫೀಡುಗಳ ವಿಷಯದಲ್ಲಿ ಈ ಪಕ್ಷವನ್ನು ಹಿಡಿದರು.

ಕಠಿಣ ಪಂಥದ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಪ್ರತಿಯೊಂದು ತಪ್ಪನ್ನೂ ಓದುಗನೇ ತಿದ್ದಿಕೊಳ್ಳುತ್ತ ಹೋದರೆ ಬರೆಯುವವನಿಗೆ ತನ್ನ ತಪ್ಪು ತಿಳಿಯುವುದೇ ಇಲ್ಲ. ಇಂದಿನ ತಪ್ಪು ನಾಳೆ ರೂಢಿಯಾಗುತ್ತದೆ. ಹೊಸದಾಗಿ ಲೈಬ್ರರಿ ಬರೆಯುವವನು ನಿಯಮವನ್ನು ಕಲಿತರೆ ಸಾಲದೆ ಹಿಂದಿನವರ ತಪ್ಪುಗಳನ್ನೂ ಕಲಿಯಬೇಕಾಗುತ್ತದೆ. 2023ರಲ್ಲಿ ಪ್ರಕಟವಾದ 9413ನೆಯ ನಿಯಮಪತ್ರವು ಪೋಸ್ಟೆಲ್ ಸೂತ್ರದ ಈ ದೋಷವನ್ನು ವಿಸ್ತಾರವಾಗಿ ಎತ್ತಿ ತೋರಿಸಿದೆ. ಆದರೂ ಫೀಡುಗಳ ಮಟ್ಟಿಗೆ ಕಾಠಿಣ್ಯವು ಶಿಕ್ಷೆಯನ್ನು ಅಪಾತ್ರನಿಗೆ ವಿಧಿಸುತ್ತದೆಂದು ನನ್ನ ಎಣಿಕೆ. ತಪ್ಪು ಮಾಡಿದವನು ಪಟ್ಟಿಯನ್ನು ಸಿದ್ಧಪಡಿಸಿದ ಯಂತ್ರ. ಸುದ್ದಿ ಸಿಗದೆ ನಷ್ಟಪಡುವವನು ಓದುಗ. ಒಂದು ಚಿಹ್ನೆ ತಪ್ಪಿತೆಂದು ಇಪ್ಪತ್ತು ಲೇಖನಗಳ ಪಟ್ಟಿಯನ್ನೇ ಕಸದ ಬುಟ್ಟಿಗೆ ಹಾಕುವುದು ನ್ಯಾಯವಲ್ಲ.

ಹಾಗಾದರೆ ಉದಾರ ಪಂಥವೇ ಸರಿಯೆ? ಅದನ್ನು ಪೂರ್ತಿಯಾಗಿ ಒಪ್ಪಲು ನನಗೆ ಸಾಧ್ಯವಿಲ್ಲ. ಔದಾರ್ಯದಲ್ಲಿ ಎರಡು ಬಗೆ: ಹೇಳಿ ತಿದ್ದುವುದು, ಹೇಳದೆ ತಿದ್ದುವುದು. ಎರಡನೆಯದು ಕಾಠಿಣ್ಯಕ್ಕಿಂತಲೂ ಅಪಾಯಕರ. ದಿನಾಂಕವಿಲ್ಲದ ಬರೆಹಕ್ಕೆ ಲೈಬ್ರರಿಯೊಂದು ಮೌನವಾಗಿ ಇಂದಿನ ದಿನಾಂಕವನ್ನು ತುಂಬಿತೆಂದು ಊಹಿಸಿಕೊಳ್ಳಿ. ಮೂರು ವರ್ಷಗಳ ಹಿಂದಿನ ಪ್ರವಾಹದ ಎಚ್ಚರಿಕೆ ಈ ಹೊತ್ತಿನ ಸುದ್ದಿಯಾಗಿ ಓದುಗನ ಮುಂದೆ ನಿಲ್ಲುತ್ತದೆ. ಓದಲು ನಿರಾಕರಿಸಿದ ಯಂತ್ರವು ನಮಗೆ ಅಜ್ಞಾನವನ್ನು ಉಳಿಸಿತು. ಮೌನವಾಗಿ ತಿದ್ದಿದ ಯಂತ್ರವು ಸುಳ್ಳನ್ನು ಕಲಿಸಿತು. ಇವೆರಡರಲ್ಲಿ ಮೊದಲನೆಯದನ್ನು ನಿವಾರಿಸುವುದು ಸುಲಭ. ಎರಡನೆಯದು ಇದೆಯೆಂದೇ ನಮಗೆ ಗೊತ್ತಾಗುವುದಿಲ್ಲ.

ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ನಾವು ಮೊದಲ ದಿನವೇ ಹೇಳಿಕೊಡುವ ಪಾಠವೂ ಇದೇ. ಅನುಮಾನ ಹುಟ್ಟಿಸುವ ಅಳತೆಯನ್ನು ರಬ್ಬರಿನಿಂದ ಅಳಿಸಬಾರದು. ಅದು ಕಾಣುವಂತೆ ಒಂದೇ ಗೆರೆ ಹೊಡೆದು, ಬಿಟ್ಟ ಕಾರಣವನ್ನು ಪಕ್ಕದಲ್ಲಿ ಬರೆಯಬೇಕು. ಪ್ರಾಚೀನ ಕಾವ್ಯಗಳನ್ನು ಸಂಪಾದಿಸುವ ವಿದ್ವಾಂಸರೂ ತಾವು ತಿದ್ದಿದ ಕಡೆಯಲ್ಲೆಲ್ಲ ಪ್ರತಿಯಲ್ಲಿದ್ದ ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾರೆ. ಊಹೆಯನ್ನು ಬರೆದಿಡದೆ ಸಂಖ್ಯೆಯನ್ನು ಮಾತ್ರ ಕೈಯಿಂದ ಕೈಗೆ ದಾಟಿಸಿದರೆ ಏನಾಗುವುದೆಂಬುದಕ್ಕೆ ಮಂಗಳಗ್ರಹಕ್ಕೆ ಹೋದ ಕ್ಲೈಮೇಟ್ ಆರ್ಬಿಟರ್ ನೌಕೆಯೇ ಸಾಕ್ಷಿ. ಒಂದು ಕ್ರಮವಿಧಿಯು ಪೌಂಡ್-ಸೆಕೆಂಡುಗಳಲ್ಲಿ ಕೊಟ್ಟ ಆವೇಗವನ್ನು ಇನ್ನೊಂದು ನ್ಯೂಟನ್-ಸೆಕೆಂಡುಗಳೆಂದು ಓದಿತು. ನಾಲ್ಕೂವರೆಯಷ್ಟು ಪಟ್ಟು ವ್ಯತ್ಯಾಸವಾಗಿ, 1999ರ ಸೆಪ್ಟೆಂಬರ್ 23ರಂದು ನೌಕೆ ಕೈಬಿಟ್ಟುಹೋಯಿತು. ಸಂಖ್ಯೆ ಸರಿಯಾಗಿಯೇ ಇತ್ತು. ಅದನ್ನು ಓದಿದ ಊಹೆ ತಪ್ಪಾಗಿತ್ತು.

ಹೇಳಿ ತಿದ್ದುವ ಮಧ್ಯಮಾರ್ಗವು ಕೇವಲ ಆದರ್ಶವಲ್ಲ. ಪೈಥಾನ್ ಭಾಷೆಯಲ್ಲಿ ಪಿಲ್‌ಗ್ರಿಮ್ ಅವರು 2002ರಲ್ಲಿ ಆರಂಭಿಸಿದ ‘ಫೀಡ್‌ಪಾರ್ಸರ್’ ಎಂಬ ಲೈಬ್ರರಿಯನ್ನು ನೋಡಿ. ಅದರ ಔದಾರ್ಯ ಅಪಾರ; ಗ್ರೀಕ್, ಹಂಗೇರಿಯನ್, ಕೊರಿಯನ್ ಭಾಷೆಗಳಲ್ಲಿ ಬರೆದ ದಿನಾಂಕಗಳನ್ನು ಸಹ ಅದು ಬಿಡಿಸುತ್ತದೆ. ಆದರೆ ಪಟ್ಟಿ ಸುಘಟಿತವಾಗಿಲ್ಲದಿದ್ದರೆ, ಓದಿ ಮುಗಿಸಿದ ಮೇಲೆ ‘ಬೋಜೋ’ ಎಂಬ ಗುರುತನ್ನು 1 ಎಂದು ಏರಿಸುತ್ತದೆ ಮತ್ತು ಕಂಡ ದೋಷವೇನೆಂಬುದನ್ನು ಪಕ್ಕದಲ್ಲಿ ದಾಖಲಿಸುತ್ತದೆ. ಅಮೆರಿಕದ ಆಡುಮಾತಿನಲ್ಲಿ ಬೋಜೋ ಎಂದರೆ ಪೆದ್ದ ಎಂದರ್ಥ. ದಿನಾಂಕವನ್ನು ಅದು ಎರಡು ಸಲ ಕೊಡುತ್ತದೆ: ಪಟ್ಟಿಯಲ್ಲಿ ಬಂದಂತೆ ಒಮ್ಮೆ, ತಾನು ಅರ್ಥಮಾಡಿಕೊಂಡು ವಿಶ್ವಸಮಯಕ್ಕೆ ಪರಿವರ್ತಿಸಿದಂತೆ ಇನ್ನೊಮ್ಮೆ. ಅರ್ಥವಾಗದಿದ್ದರೆ ಎರಡನೆಯ ಸ್ಥಾನವನ್ನು ಬರಿದಾಗಿ ಬಿಡುತ್ತದೆ. ಪಟ್ಟಿ ಯಾವ ರೂಪದಲ್ಲಿತ್ತೆಂಬುದನ್ನೂ ತಿಳಿಸುತ್ತದೆ. ಕೊನೆಯ ತೀರ್ಮಾನ ಬಳಸುವವನದು.

ಆ ಗುರುತನ್ನು ನೋಡುವವರಾದರೂ ಯಾರು ಎಂಬ ಆಕ್ಷೇಪವುಂಟು. ಹಲವರು ನೋಡದಿರಬಹುದು. ಬೆಳಗಿನ ಸುದ್ದಿಯನ್ನು ಓದಬಯಸುವವನಿಗೆ ಅದು ಬೇಕಾಗಿಯೂ ಇಲ್ಲ. ಅವನಿಗಾಗಿ ತಂತ್ರಾಂಶವನ್ನು ಬರೆಯುವವನು ಅದನ್ನು ಮರೆಯಲ್ಲಿಡಲಿ. ಆದರೆ ಸಾವಿರ ಜಾಲತಾಣಗಳ ಬರೆಹಗಳನ್ನು ಕೂಡಿಸಿ, ಯಾವ ತಿಂಗಳಲ್ಲಿ ಯಾವ ವಿಷಯ ಎಷ್ಟು ಚರ್ಚೆಗೆ ಬಂದಿತೆಂದು ಎಣಿಸಹೊರಟ ಸಂಶೋಧಕನಿಗೆ ಅದು ಅತ್ಯಗತ್ಯ. ಲೈಬ್ರರಿಯನ್ನು ಬರೆಯುವವನಿಗೆ ತನ್ನನ್ನು ಬಳಸುವವನು ಇವರಿಬ್ಬರಲ್ಲಿ ಯಾರೆಂಬುದು ತಿಳಿಯದು. ತಿಳಿಯದಿರುವಲ್ಲಿ ಅವನು ಮಾಹಿತಿಯನ್ನು ಉಳಿಸಬೇಕೇ ಹೊರತು ಅಳಿಸಬಾರದು. ಉಳಿಸಿದ್ದನ್ನು ಮುಂದೆ ಯಾರೂ ಬಿಡಬಹುದು. ಅಳಿಸಿದ್ದನ್ನು ಮತ್ತೆ ಯಾರೂ ತರಲಾರರು. ಕಠಿಣ ಪಂಥದವರ ಆಶಯಕ್ಕೂ ಇದರಿಂದ ಸಹಾಯವೇ ಆಗುತ್ತದೆ. ದೋಷದ ದಾಖಲೆಯಿದ್ದರೆ ತಾನೆ ಅದನ್ನು ಬರೆದವನಿಗೆ ತಿಳಿಸಲು ಸಾಧ್ಯ?

ಇಂದು ಪ್ರೌಢಶಾಲೆಗಳಲ್ಲಿ, ಕಾಲೇಜುಗಳಲ್ಲಿ ಕ್ರಮವಿಧಿಗಳನ್ನು ಬರೆಯಲು ಕಲಿಯುತ್ತಿರುವ ತರುಣರು ನಾಳೆ ಇಂಥ ಲೈಬ್ರರಿಗಳನ್ನು ಬಳಸುತ್ತಾರೆ. ಅವರಲ್ಲಿ ಕೆಲವರು ಹೊಸದನ್ನು ರಚಿಸುತ್ತಾರೆ. ಬಳಸುವವರು, ಕೈಗೆ ಬಂದ ಅಚ್ಚುಕಟ್ಟಾದ ಉತ್ತರದ ಹಿಂದೆ ಎಷ್ಟು ಊಹೆಗಳಿವೆಯೆಂದು ವಿಚಾರಿಸುವ ಅಭ್ಯಾಸವನ್ನು ಬೆಳೆಸಿಕೊಳ್ಳಲಿ. ರಚಿಸುವವರು, ಬಂದುದನ್ನು ಬಂದಂತೆ ಒಂದೆಡೆ ಇಟ್ಟು, ತಾವು ತಿಳಿದುದನ್ನು ಇನ್ನೊಂದೆಡೆ ಬರೆದು, ತಿಳಿಯದುದನ್ನು ಖಾಲಿ ಬಿಡಲಿ. ಪರರ ತಪ್ಪನ್ನು ಕ್ಷಮಿಸುವುದು ಸೌಜನ್ಯ; ಕ್ಷಮಿಸಿದ್ದಕ್ಕೆ ಲೆಕ್ಕವಿಡುವುದು ವಿಜ್ಞಾನ. ಯಂತ್ರಗಳಿಗೆ ಓದಲು ಕಲಿಸುತ್ತಿರುವ ನಾವು ಇವೆರಡನ್ನೂ ಒಟ್ಟಿಗೆ ಕಲಿಸಬೇಕಾಗಿದೆ.