ಬೆಟ್ಟದ ದಾರಿ, ಚಿಕ್ಕ ಗಾಡಿ

ಬೇಸಗೆ ಸಮೀಪಿಸಿತೆಂದರೆ ನಮ್ಮ ಸಮಾಜದ ಅನೇಕ ಕುಟುಂಬಗಳಲ್ಲಿ ಕೇದಾರ ಯಾತ್ರೆಯ ಮಾತು ಮೊದಲಾಗುತ್ತದೆ. ಕೇದಾರನಾಥದ ರಾವಲರು ವೀರಶೈವ ಜಂಗಮ ಪರಂಪರೆಯವರೆಂಬುದೂ, ಚಳಿಗಾಲದ ಪೂಜೆ ನಡೆಯುವ ಊಖೀಮಠದೊಡನೆ ಆ ಪರಂಪರೆಗೆ ಹಳೆಯ ನಂಟಿದೆಯೆಂಬುದೂ ಈ ಒಲವಿಗೆ ಕಾರಣವಾಗಿರಬಹುದು. ಕರಸ್ಥಲದಲ್ಲಿ ಇಷ್ಟಲಿಂಗವಿರುವವನಿಗೆ ದೂರದ ಕ್ಷೇತ್ರದ ಅಗತ್ಯವೇನೆಂಬ ಪ್ರಶ್ನೆ ಗಂಭೀರವಾದುದು. ಅದನ್ನು ಬೇರೊಮ್ಮೆ ವಿಚಾರಿಸೋಣ. ಹೊರಡಲು ನಿಶ್ಚಯಿಸಿದವರು ಕ್ಷೇಮವಾಗಿ ಹೋಗಿ ಬರಬೇಕೆಂಬುದಷ್ಟೇ ಇಂದಿನ ವಿಷಯ.

ಈಚೆಗೆ ಗೃಹಸ್ಥರೊಬ್ಬರು ನಮ್ಮಲ್ಲಿಗೆ ಬಂದು ಕೇಳಿದರು: “ಹರಿದ್ವಾರದವರೆಗೆ ರೈಲಿನಲ್ಲಿ ಹೋಗುತ್ತೇವೆ. ಅಲ್ಲಿಂದ ಮುಂದಕ್ಕೆ ಚಿಕ್ಕ ಕಾರು ಬಾಡಿಗೆಗೆ ಹಿಡಿದರೆ ಸಾಕೇ, ದೊಡ್ಡದೇ ಬೇಕೇ? ಬಂಧುಗಳು ಚಿಕ್ಕ ಕಾರೆಂದರೆ ನಗುತ್ತಾರೆ.” ಈ ನಗೆಗೆ ಅಂಜಿ ಸಾಲ ಮಾಡಿ ದೊಡ್ಡ ಗಾಡಿ ಹಿಡಿಯುವವರಿದ್ದಾರೆ, ಹಣ ಉಳಿಸಲೆಂದು ಚಿಕ್ಕ ಗಾಡಿಯಲ್ಲಿ ಮನೆಮಂದಿಯನ್ನೆಲ್ಲ ತುರುಕುವವರೂ ಇದ್ದಾರೆ. ಎರಡೂ ಅವಿವೇಕವೇ. ಎರಡನೆಯ ಅವಿವೇಕವನ್ನು ನಾವೇ ಒಮ್ಮೆ ಮಾಡಿದವರಾದುದರಿಂದ ಈ ಮಾತನ್ನು ಧೈರ್ಯವಾಗಿ ಹೇಳಬಲ್ಲೆವು.

ಮೊದಲು ದಾರಿಯ ಸ್ವರೂಪವನ್ನು ಅರಿಯಬೇಕು. ಋಷಿಕೇಶದಿಂದ ಗೌರಿಕುಂಡಕ್ಕೆ ಸುಮಾರು 210 ಕಿಲೋಮೀಟರು. ಅಲಕನಂದೆ ಭಾಗೀರಥಿಗಳು ಕೂಡುವ ದೇವಪ್ರಯಾಗ, ಆಮೇಲೆ ಶ್ರೀನಗರ, ಮಂದಾಕಿನಿ ಬಂದು ಸೇರುವ ರುದ್ರಪ್ರಯಾಗ, ಅಗಸ್ತ್ಯಮುನಿ, ಕುಂಡ, ಗುಪ್ತಕಾಶಿ, ಸೋನಪ್ರಯಾಗ. ಹೀಗೆ ನದಿಯ ಜೊತೆಯಲ್ಲಿಯೇ ದಾರಿ ಏರುತ್ತದೆ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಪ್ರಪಾತ. ಬಾಡಿಗೆ ಗಾಡಿಗಳೂ ಸ್ವಂತ ಗಾಡಿಗಳೂ ಸೋನಪ್ರಯಾಗದಲ್ಲಿ ನಿಲ್ಲಲೇಬೇಕು. ಅಲ್ಲಿಂದ ಗೌರಿಕುಂಡದ 5 ಕಿಲೋಮೀಟರಿಗೆ ಸ್ಥಳೀಯ ಜೀಪುಗಳು. ಮುಂದೆ ಕಾಲ್ನಡಿಗೆ, ಕುದುರೆ ಅಥವಾ ಡೋಲಿ. ಆದುದರಿಂದ ದೊಡ್ಡ ಗಾಡಿ ಯಾರನ್ನೂ ಶಿವನಿಗೆ ಒಂದು ಗೇಣು ಹೆಚ್ಚು ಹತ್ತಿರ ಒಯ್ಯುವುದಿಲ್ಲ.

ಇಂಥ ದಾರಿಯಲ್ಲಿ ಚಿಕ್ಕತನವೇ ಒಂದು ಗುಣ. ವ್ಯಾಗನ್ ಆರ್ ಬಗೆಯ ಗಾಡಿಯ ಉದ್ದ ಮೂರೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು. ಇನ್ನೋವಾದಂಥ ಗಾಡಿಯದು ನಾಲ್ಕೂವರೆ ಮೀಟರಿಗೂ ಮಿಕ್ಕುತ್ತದೆ. ಕಡಿದಾದ ತಿರುವಿನಲ್ಲಿ ಎದುರಿನಿಂದ ಬಸ್ಸು ಬಂದಾಗ ಬಂಡೆಯ ಬದಿಗೆ ಸರಿದು ನಿಲ್ಲಲು ಆ ಒಂದು ಮೀಟರಿನ ವ್ಯತ್ಯಾಸ ಬಹಳ ದೊಡ್ಡದು. ಆದರೆ ಚಿಕ್ಕ ಗಾಡಿಗೆ ಮಿತಿಯೂ ಉಂಟು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುವುದರಿಂದ, ಟರ್ಬೊ ಇಲ್ಲದ ಸಾಮಾನ್ಯ ಪೆಟ್ರೋಲ್ ಎಂಜಿನ್ನು ಪ್ರತಿ 1000 ಮೀಟರಿಗೆ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಸಿ.ಎನ್.ಜಿ. ಗಾಡಿಯಾದರೆ ಶಕ್ತಿ ಇನ್ನೂ ಕಡಿಮೆ. ಅದರ ಉರುಳೆ ಸಾಮಾನಿಡುವ ಜಾಗವನ್ನು ನುಂಗುತ್ತದೆ. ಅನಿಲ ತುಂಬುವ ನಿಲ್ದಾಣಗಳೂ ಬೆಟ್ಟದೊಳಗೆ ವಿರಳ. ಬಾಡಿಗೆ ಅಗ್ಗವೆಂದು ಅದನ್ನು ಆರಿಸುವ ಮುನ್ನ ಇದನ್ನು ಯೋಚಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಭಾರ. ಚಿಕ್ಕ ಗಾಡಿಯ ಸ್ವಂತ ತೂಕ ಸುಮಾರು 850 ಕಿಲೋ ಎಂದಿಟ್ಟುಕೊಳ್ಳೋಣ. ಐವರು ವಯಸ್ಕರು ಕುಳಿತರೆ 300 ಕಿಲೋ, ಅವರ ಗಂಟುಮೂಟೆ 100 ಕಿಲೋ. ತನ್ನ ತೂಕದ ಅರ್ಧದಷ್ಟನ್ನು ಆ ಬಡಪಾಯಿ ಹೊರಬೇಕಾಯಿತು! ಏರುವಾಗ ಏದುಸಿರು ಬಿಡುವುದು ಕಣ್ಣಿಗೆ ಕಾಣುವ ಕಷ್ಟ. ಇಳಿಯುವಾಗ ಆ ಭಾರವನ್ನೆಲ್ಲ ಬ್ರೇಕು ತಡೆಯಬೇಕಾಗುವುದು ಕಾಣದ ಅಪಾಯ.

ಆ ಅಪಾಯವನ್ನು ನಾವು ಕಂಡದ್ದು ಗುಪ್ತಕಾಶಿಯಿಂದ ಕುಂಡಕ್ಕೆ ಇಳಿಯುವಾಗ. ಭಕ್ತರ ಕುಟುಂಬವೊಂದರ ಜೊತೆಗೆ ಹೋಗಿದ್ದೆವು. ಚಾಲಕನೂ ಸೇರಿ ಐವರು ಕೂಡುವ ಗಾಡಿಯಲ್ಲಿ ಮಗುವೂ ಸೇರಿ ಏಳು ಮಂದಿ, ಮೇಲೆ ಟ್ರಂಕುಗಳು. “ಸ್ವಾಮಿ, ಇನ್ನೊಂದು ಗಾಡಿ ಮಾಡೋಣ” ಎಂದು ಮನೆಯ ಹಿರಿಯ ತಾಯಿ ಹೊರಡುವಾಗಲೇ ಅಂದಿದ್ದರು. “ಸಂಸಾರ ಒಟ್ಟಿಗಿದ್ದರೆ ಚೆನ್ನ, ಹೊಂದಿಕೊಂಡು ಕೂರೋಣ” ಎಂದವರು ನಾವು. ಇಳಿಜಾರಿನ ಅರ್ಧದಲ್ಲಿ ಸುಟ್ಟ ವಾಸನೆ ಬಂದಿತು. ಚಾಲಕ ಬ್ರೇಕನ್ನು ಒತ್ತಿದ. ಪೆಡಲು ಮೆತ್ತಗೆ ಒಳಕ್ಕೆ ಹೋಯಿತು. ಅವನು ಗೇರು ಇಳಿಸಿ, ಗಾಡಿಯನ್ನು ಬಂಡೆಯ ಬದಿಯ ಚರಂಡಿಗೆ ಒರಸಿ ನಿಲ್ಲಿಸಿದ. ಎದುರು ಬದಿಯಲ್ಲಿ, ಬಹಳ ಕೆಳಗೆ, ಮಂದಾಕಿನಿ ಹರಿಯುತ್ತಿದ್ದಳು. ಮಗು ಅಜ್ಜಿಯ ತೊಡೆಯ ಮೇಲೆ ನಿದ್ರಿಸುತ್ತಿತ್ತು.

ಚಕ್ರಗಳು ತಣಿಯುವವರೆಗೆ ರಸ್ತೆಯ ಬದಿಯಲ್ಲಿ ಕುಳಿತೆವು. ಆಗ ಚಾಲಕನನ್ನು ಮೊದಲ ಬಾರಿಗೆ ಮಾತನಾಡಿಸಿದೆವು. ಅವನು ಬಯಲುಸೀಮೆಯ ಹುಡುಗ. ಬೆಟ್ಟದ ದಾರಿಗೆ ಅದು ಅವನ ಎರಡನೆಯ ಸವಾರಿ. ಹಿಂದಿನ ಎರಡು ರಾತ್ರಿಗಳೂ ನಿದ್ರೆಯಿಲ್ಲ. ನಾವು ವಸತಿಗೃಹದಲ್ಲಿ ಮಲಗಿದಾಗ ಅವನು ಚಳಿಯಲ್ಲಿ ಗಾಡಿಯೊಳಗೇ ಮುದುಡಿದ್ದನು. ಕಾಯಕದ ಹಿರಿಮೆಯನ್ನು ವೇದಿಕೆಗಳ ಮೇಲೆ ಜೀವನವಿಡೀ ವಿವರಿಸಿದ ನಾವು, ನಮ್ಮ ಪ್ರಾಣವನ್ನು ಕೈಯಲ್ಲಿ ಹಿಡಿದ ಕಾಯಕಜೀವಿಗೆ “ಉಂಡೆಯಾ, ಮಲಗಿದೆಯಾ?” ಎಂದು ಕೇಳಿರಲಿಲ್ಲ. ತಪ್ಪು ಗಾಡಿಯದಲ್ಲ, ಅವನದೂ ಅಲ್ಲ. ಆ ದಿನ ನಮ್ಮಲ್ಲಿ ಮೂವರು ಹಂಚಿಕೆಯ ಜೀಪಿನಲ್ಲಿ ರುದ್ರಪ್ರಯಾಗಕ್ಕೆ ಬಂದೆವು. ಆ ರಾತ್ರಿ ಅವನಿಗೆ ಕೋಣೆ ಹಿಡಿಸಿದೆವು.

ಆದುದರಿಂದ ಆ ಗೃಹಸ್ಥರಿಗೆ ನಾವು ಹೇಳಿದ್ದು ಇಷ್ಟು. ಮೂವರು, ಹೆಚ್ಚೆಂದರೆ ಮೂವರು ಹಿರಿಯರೂ ಒಂದು ಮಗುವೂ ಇದ್ದರೆ ಚಿಕ್ಕ ಗಾಡಿ ಧಾರಾಳವಾಗಿ ಸಾಕು, ನಾಚಬೇಕಾಗಿಲ್ಲ. ಅದಕ್ಕೆ ಮೀರಿದರೆ ದೊಡ್ಡದನ್ನು ಹಿಡಿಯಿರಿ, ಇಲ್ಲವೆ ಎರಡು ಚಿಕ್ಕವನ್ನು ಹಿಡಿಯಿರಿ. ಛಾವಣಿಯ ಮೇಲೆ ಹೇರಬೇಡಿರಿ. ಹೆಚ್ಚಿನ ಸಾಮಾನನ್ನು ಹರಿದ್ವಾರದಲ್ಲಿಯೇ ಬಿಟ್ಟು ಹೋಗಿರಿ. ಮಳೆಗಾಲದ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಭೂಕುಸಿತದ ಭಯವಿರುವುದರಿಂದ ಆಗ ಹೊರಡದಿರುವುದೇ ಲೇಸು.

ಮುಂಗಡ ಕೊಡುವ ಮುನ್ನ ಗಾಡಿಯನ್ನು ಕಣ್ಣಾರೆ ನೋಡಬೇಕು. ಚಾಲಕನೊಡನೆ ಬರುವ ಬಾಡಿಗೆ ಗಾಡಿಗೆ ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರಗಳ ಸಂಖ್ಯೆ ಇರಬೇಕು. ಬಿಳಿಯ ಹಲಗೆಯ ಸ್ವಂತ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ; ಅನಾಹುತವಾದರೆ ವಿಮೆಯ ಹಣಕ್ಕೂ ತೊಡಕು. ಚಾರ್‌ಧಾಮ ಯಾತ್ರೆಯ ಬಾಡಿಗೆ ಗಾಡಿಗಳಿಗೆ ಹಸಿರು ಕಾರ್ಡು, ಟ್ರಿಪ್ ಕಾರ್ಡುಗಳೂ ಬೇಕು. ಯಾತ್ರಿಕರೂ ಮೊದಲೇ ಹೆಸರು ನೋಂದಾಯಿಸಬೇಕು. ಟೈರಿನ ಗೆರೆಗಳು ಸವೆದು ನುಣುಪಾಗಿದ್ದರೆ ಆ ಗಾಡಿ ಬೇಡ. ಹೆಚ್ಚುವರಿ ಚಕ್ರವನ್ನು ತೆಗೆಯಿಸಿ ನೋಡಿರಿ. ಇಳಿಜಾರಿನಲ್ಲಿ ನಿಲ್ಲಿಸಿ ಕೈಬ್ರೇಕು ಹಿಡಿಯುವುದೇ ಪರೀಕ್ಷಿಸಿರಿ. ಬ್ರೇಕಿನ ಎಣ್ಣೆಯನ್ನು ಯಾವಾಗ ಬದಲಿಸಿದರೆಂದು ಕೇಳಿರಿ. ಹಳೆಯ ಎಣ್ಣೆ ತೇವ ಹೀರಿಕೊಂಡಿದ್ದು ಕಾವಿಗೆ ಬೇಗ ಕುದಿಯುತ್ತದೆ. ನಮ್ಮ ಗಾಡಿಯ ಪೆಡಲು ಮೆತ್ತಗಾದುದಕ್ಕೆ ಅದೇ ಕಾರಣವೆಂದು ಆಮೇಲೆ ಯಂತ್ರಕಾರ ತಿಳಿಸಿದನು.

ಇಳಿಯುವಾಗಿನ ನಿಯಮ ಸರಳ: ಯಾವ ಗೇರಿನಲ್ಲಿ ಏರಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯಬೇಕು. ಆಗ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ಬ್ರೇಕಿಗೆ ವಿಶ್ರಾಂತಿ. ಎಣ್ಣೆ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವ ಚಾಲಕನನ್ನು ಕೂಡಲೇ ತಡೆಯಿರಿ. ಇಕ್ಕಟ್ಟಿನಲ್ಲಿ ಏರಿ ಬರುವ ಗಾಡಿಗೆ ಮೊದಲು ದಾರಿ ಬಿಡುವುದು ಕಾನೂನೂ ಹೌದು, ಸೌಜನ್ಯವೂ ಹೌದು. ನಮ್ಮ ಹುಡುಗರು ತಾವೇ ಓಡಿಸುವೆವೆಂದು ಹಟ ಹಿಡಿದರೆ ಒಪ್ಪಬೇಡಿರಿ. ಬಯಲಿನ ಹೆದ್ದಾರಿಯಲ್ಲಿ ಪಳಗಿದ ಕೈಗೆ ಆ ತಿರುವುಗಳು ಹೊಸವು. ಗಢವಾಲದಲ್ಲಿ ಹುಟ್ಟಿ ಬೆಳೆದ ಚಾಲಕನನ್ನೇ ಕೇಳಿರಿ. ಋಷಿಕೇಶದಿಂದ ಸೋನಪ್ರಯಾಗವನ್ನು ಒಂದೇ ದಿನದಲ್ಲಿ ಮುಟ್ಟುವ ಆತುರ ಬೇಡ. ನಡುವೆ ಒಂದು ರಾತ್ರಿ ತಂಗಿ, ಬೆಳಕಿನಲ್ಲಿಯೇ ಪಯಣಿಸಿರಿ. ಯಾತ್ರೆಯ ಖರ್ಚನ್ನು ಲೆಕ್ಕ ಹಾಕುವಾಗ ಚಾಲಕನ ಊಟವನ್ನೂ ಹಾಸಿಗೆಯನ್ನೂ ಮೊದಲ ಸಾಲಿನಲ್ಲಿ ಬರೆಯಿರಿ.

ಆ ಗೃಹಸ್ಥರು ಎಲ್ಲವನ್ನೂ ಗುರುತು ಹಾಕಿಕೊಂಡು, “ಹಾಗಾದರೆ ನಾವು ಐವರು, ಎರಡು ಚಿಕ್ಕ ಗಾಡಿ” ಎಂದರು. ನಕ್ಕ ಬಂಧುಗಳಿಗೆ ಏನು ಹೇಳುವಿರೆಂದು ಕೇಳಿದೆವು. “ಹಿಂದಿರುಗಿ ಬಂದ ಮೇಲೆ ಪ್ರಸಾದ ಕೊಡುತ್ತೇವೆ” ಎಂದರು. ಅವರ ಯಾತ್ರೆ ಸುಖವಾಗಲಿ.

ಶರಣು ಶರಣಾರ್ಥಿ.