ಮಿದುಳಿನ ರಕ್ತನಾಳದ ಗುಳ್ಳೆ ಮತ್ತು ರಕ್ತದ ಹರಿವು

"ತಲೆಯಲ್ಲಿ ನರ ಒಡೆದುಹೋಯಿತಂತೆ" ಎಂಬ ಮಾತನ್ನು ನಾವೆಲ್ಲರೂ ಒಂದಲ್ಲ ಒಂದು ಮನೆಯಲ್ಲಿ ಕೇಳಿರುತ್ತೇವೆ. ನಿನ್ನೆಯವರೆಗೂ ಚೆನ್ನಾಗಿ ಓಡಾಡಿಕೊಂಡಿದ್ದವರು ಇದ್ದಕ್ಕಿದ್ದಂತೆ ತಲೆ ಹಿಡಿದುಕೊಂಡು ಕುಸಿದರು, ಆಸ್ಪತ್ರೆ ಸೇರುವಷ್ಟರಲ್ಲಿ ಪ್ರಜ್ಞೆ ತಪ್ಪಿತ್ತು ಎಂದು ಬಂಧುಗಳು ದುಃಖದಿಂದ ಹೇಳುತ್ತಾರೆ. ಆದರೆ ಇಲ್ಲಿ ಒಡೆಯುವುದು ನರವಲ್ಲ, ರಕ್ತನಾಳ. ಹೀಗೆ ಒಡೆಯುವುದಕ್ಕಿರುವ ಮುಖ್ಯ ಕಾರಣಗಳಲ್ಲಿ ಒಂದು, ಮಿದುಳಿನ ಅಪಧಮನಿಯ ಗೋಡೆಯಲ್ಲಿ ಸದ್ದಿಲ್ಲದೆ ಬೆಳೆದಿರುವ ಗುಳ್ಳೆ. ವೈದ್ಯರು ಇದನ್ನು 'ಅನ್ಯುರಿಸಂ' ಎಂದು ಕರೆಯುತ್ತಾರೆ. ಈ ಗುಳ್ಳೆ ಏಕೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ, ಅದಕ್ಕೂ ರಕ್ತದ ಹರಿವಿಗೂ ಇರುವ ಸಂಬಂಧವೇನು ಎಂಬುದನ್ನು ಈ ಸಂಚಿಕೆಯಲ್ಲಿ ವಿವರಿಸಲು ಬಯಸುತ್ತೇವೆ. ಸಂಬಂಧವನ್ನು ಅರಿತರೆ ನಮ್ಮ ಕೈಯಲ್ಲಿರುವ ಎಚ್ಚರಿಕೆ ಯಾವುದೆಂಬುದೂ ತಾನಾಗಿಯೇ ತಿಳಿಯುತ್ತದೆ.

ಕವಲುಗಳಲ್ಲೇ ಏಕೆ?

ಮಿದುಳಿನ ತೂಕ ದೇಹದ ತೂಕದ ಶೇಕಡಾ 2ರಷ್ಟು ಮಾತ್ರ. ಆದರೂ ಹೃದಯವು ಹೊರದೂಡುವ ರಕ್ತದಲ್ಲಿ ಸುಮಾರು ಶೇಕಡಾ 15ರಷ್ಟು, ಎಂದರೆ ನಿಮಿಷಕ್ಕೆ ಮುಕ್ಕಾಲು ಲೀಟರಿನಷ್ಟು, ಅದಕ್ಕೆ ಸಲ್ಲುತ್ತದೆ. ಕೊರಳಿನ ಮುಂಭಾಗದ ಎರಡು, ಹಿಂಭಾಗದ ಎರಡು, ಹೀಗೆ ನಾಲ್ಕು ಅಪಧಮನಿಗಳು ಈ ರಕ್ತವನ್ನು ಮೇಲಕ್ಕೆ ಒಯ್ಯುತ್ತವೆ. ಮಿದುಳಿನ ಬುಡದಲ್ಲಿ ಇವು ಒಂದಕ್ಕೊಂದು ಕೂಡಿಕೊಂಡು ಬಳೆಯಂತಹ ವರ್ತುಲವನ್ನು ರಚಿಸುತ್ತವೆ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1664ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಚಿತ್ರಸಹಿತವಾಗಿ ವಿವರಿಸಿದುದರಿಂದ ಇದಕ್ಕೆ ಅವನ ಹೆಸರೇ ನಿಂತಿದೆ. ಒಂದು ಕಡೆ ಹರಿವು ಕುಗ್ಗಿದರೆ ಮತ್ತೊಂದು ಕಡೆಯಿಂದ ರಕ್ತ ಒದಗಲೆಂಬುದು ಪ್ರಕೃತಿಯ ಏರ್ಪಾಡು. ಆದರೆ ಈ ವರ್ತುಲದ ಕವಲುಗಳೇ ಗುಳ್ಳೆಗಳು ನೆಲೆಗೊಳ್ಳುವ ಮುಖ್ಯ ತಾಣಗಳೂ ಆಗಿವೆ.

ಕಾಲುವೆಯೊಂದು ಎರಡಾಗಿ ಕವಲೊಡೆಯುವ ಜಾಗವನ್ನು ನೆನಪಿಗೆ ತಂದುಕೊಳ್ಳಿ. ನೇರವಾಗಿ ಬಂದ ನೀರು ಕವಲಿನ ನಡುವಣ ದಂಡೆಗೆ ಬಡಿದು, ಅಲ್ಲಿಂದ ಎರಡೂ ಬದಿಗೆ ರಭಸದಿಂದ ತಿರುಗುತ್ತದೆ. ಮಣ್ಣು ಮೊದಲು ಕೊರೆಯುವುದು ಅಲ್ಲಿಯೇ. ಅದಕ್ಕಾಗಿಯೇ ರೈತರು ಆ ಮೂಲೆಗೆ ಕಲ್ಲು ಕಟ್ಟುತ್ತಾರೆ. ಮಿದುಳಿನ ಅಪಧಮನಿಗಳಿಗೆ ಅಂತಹ ಕಲ್ಲುಕಟ್ಟಡದ ಭದ್ರತೆ ಕಡಿಮೆ. ದೇಹದ ಇತರ ಅಪಧಮನಿಗಳಿಗೆ ಹೋಲಿಸಿದರೆ ಇವುಗಳ ಗೋಡೆ ತೆಳು, ಹೊರಭಾಗದ ಸ್ಥಿತಿಸ್ಥಾಪಕ ಪದರವೂ ಇವುಗಳಿಗೆ ಇಲ್ಲ. ಸುತ್ತಲೂ ಒತ್ತಾಸೆಗೆ ಮಾಂಸಖಂಡವಿಲ್ಲದೆ, ಮಿದುಳನ್ನು ಆವರಿಸಿರುವ ತಿಳಿದ್ರವದ ನಡುವೆ ಇವು ಹಾದುಹೋಗುತ್ತವೆ. ಇಂತಹ ಗೋಡೆಯ ಮೇಲೆ ಹೃದಯದ ಮಿಡಿತ ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಂದು ಅಪ್ಪಳಿಸುತ್ತದೆ.

ಎರಡು ಬಗೆಯ ಬಲಗಳು

ರಕ್ತವು ನಾಳದ ಗೋಡೆಯ ಮೇಲೆ ಎರಡು ರೀತಿಯಲ್ಲಿ ಬಲ ಪ್ರಯೋಗಿಸುತ್ತದೆ. ಮೊದಲನೆಯದು ಗೋಡೆಯನ್ನು ಹೊರಕ್ಕೆ ತಳ್ಳುವ ಒತ್ತಡ. ನಾವು ತೋಳಿಗೆ ಪಟ್ಟಿ ಸುತ್ತಿ ಅಳೆಯುವುದು ಇದನ್ನೇ. ಎರಡನೆಯದು, ಹರಿಯುತ್ತಾ ಹೋಗುವಾಗ ಗೋಡೆಯ ಒಳಮೈಯನ್ನು ಉಜ್ಜಿಕೊಂಡು ಹೋಗುವ ಬಲ. ನಾಳದ ಒಳಮೈಗೆ ಒಂದೇ ಪದರದ ಜೀವಕೋಶಗಳ ಹಾಸು ಇದೆ. ಈ ಜೀವಕೋಶಗಳು ಹರಿವಿನ ಉಜ್ಜುವಿಕೆಯನ್ನು ಗ್ರಹಿಸಬಲ್ಲವು. ಹರಿವು ಸಮನಾಗಿದ್ದಲ್ಲಿ ಅವು ಹರಿವಿನ ದಿಕ್ಕಿಗೇ ಉದ್ದುದ್ದವಾಗಿ ಒಪ್ಪವಾಗಿ ಜೋಡಿಸಿಕೊಳ್ಳುತ್ತವೆ. ಉಜ್ಜುವಿಕೆ ಅತಿಯಾದಲ್ಲಿ ಅಥವಾ ಹರಿವು ದಿಕ್ಕುಗೆಟ್ಟಲ್ಲಿ ಅವುಗಳ ನಡತೆಯೂ ಬದಲಾಗುತ್ತದೆ.

ಜಪಾನಿನ ಹಾಶಿಮೊಟೊ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯಕ್ಕೆ ಬೆಳಕು ಚೆಲ್ಲಿತು. ಅವರು ಇಲಿಗಳ ಕೊರಳಿನ ಒಂದು ಬದಿಯ ಅಪಧಮನಿಯನ್ನು ಕಟ್ಟಿ, ರಕ್ತದೊತ್ತಡವನ್ನು ಏರಿಸಿ, ಗೋಡೆಯ ಎಳೆಗಳನ್ನು ದುರ್ಬಲಗೊಳಿಸುವ ಪದಾರ್ಥವನ್ನು ಆಹಾರದಲ್ಲಿ ಕೊಟ್ಟರು. ಮಿದುಳಿನ ನಾಳಗಳ ಕವಲುಗಳಲ್ಲಿ ಗುಳ್ಳೆಗಳು ಮೂಡಿದವು. ಮನುಷ್ಯರಲ್ಲಿಯೂ ಇದಕ್ಕೆ ಹೋಲುವ ನಿದರ್ಶನಗಳಿವೆ. ವರ್ತುಲದ ಮುಂಭಾಗದಲ್ಲಿ ಒಂದು ಬದಿಯ ನಾಳ ಹುಟ್ಟಿನಿಂದಲೇ ಸಣ್ಣದಾಗಿದ್ದರೆ ಎರಡೂ ಬದಿಯ ಹೊರೆ ಇನ್ನೊಂದರ ಮೇಲೆ ಬೀಳುತ್ತದೆ. ಅಂಥವರಲ್ಲಿ ಎರಡೂ ಬದಿಯನ್ನು ಬೆಸೆಯುವ ಜಾಗದಲ್ಲಿ ಗುಳ್ಳೆಗಳು ಹೆಚ್ಚಾಗಿ ಕಾಣುತ್ತವೆ. ಹರಿವು ಹೆಚ್ಚಿದಲ್ಲಿ ಗೋಡೆ ಸೋಲುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಹುಟ್ಟು ಒಂದು ಬಗೆ, ಬೆಳವಣಿಗೆ ಇನ್ನೊಂದು ಬಗೆ

ಗುಳ್ಳೆಯ ಹುಟ್ಟಿಗೆ ಹರಿವಿನ ರಭಸ ಕಾರಣವಾದರೂ ಅದರ ಬೆಳವಣಿಗೆಯ ಕಥೆ ಅಷ್ಟು ಸರಳವಲ್ಲ. ಗುಳ್ಳೆ ಮೂಡಿದ ಮೇಲೆ ರಕ್ತವು ಅದರ ಬಾಯಿಯಿಂದ ಒಳನುಗ್ಗಿ, ಸುಳಿಯಾಗಿ ಸುತ್ತಿ, ಮತ್ತೆ ಹೊರಬರುತ್ತದೆ. ರಭಸದ ಧಾರೆ ಒಂದೇ ಕಡೆ ಬಡಿಯುತ್ತಿದ್ದರೆ ಅಲ್ಲಿನ ಗೋಡೆ ಸವೆದು ಇನ್ನಷ್ಟು ತೆಳುವಾಗಬಹುದು. ಇದೊಂದು ದಾರಿ. ದೊಡ್ಡ ಗುಳ್ಳೆಗಳ ಒಳಗೆ ನಡೆಯುವುದು ಇದಕ್ಕೆ ವಿರುದ್ಧವಾದದ್ದು. ಅಲ್ಲಿ ರಕ್ತ ನಿಧಾನವಾಗಿ, ದಿಕ್ಕು ಬದಲಿಸುತ್ತಾ ಸುತ್ತುತ್ತದೆ. ಕೆರೆಯ ಮೂಲೆಯಲ್ಲಿ ನಿಂತ ನೀರು ಪಾಚಿಗಟ್ಟುವಂತೆ, ಉಜ್ಜುವಿಕೆ ತೀರ ಕಡಿಮೆಯಾದ ಗೋಡೆಯಲ್ಲಿ ಉರಿಯೂತದ ಕಣಗಳು ಸೇರಿಕೊಂಡು ಗೋಡೆಯ ಎಳೆಗಳನ್ನು ತಿಂದುಹಾಕುತ್ತವೆ. ಇದು ಎರಡನೆಯ ದಾರಿ. ಶಸ್ತ್ರಚಿಕಿತ್ಸಕರು ತಲೆಬುರುಡೆ ತೆರೆದು ನೋಡಿದಾಗ ಕೆಲವು ಗುಳ್ಳೆಗಳು ಒಳಗಿನ ರಕ್ತದ ಸುಳಿ ಕಾಣುವಷ್ಟು ತೆಳುವಾಗಿಯೂ ಮತ್ತೆ ಕೆಲವು ಹಳದಿ ಬಣ್ಣಕ್ಕೆ ತಿರುಗಿ ದಪ್ಪವಾಗಿಯೂ ಕಾಣುವುದುಂಟು. ಹೀಗೆ ರಭಸವೂ ಹಾನಿಕರ, ಜಡತೆಯೂ ಹಾನಿಕರ. ಸಮವಾದ ಹರಿವೇ ನಾಳಕ್ಕೆ ಹಿತ.

ಇದರ ಜೊತೆಗೆ ಭೌತಶಾಸ್ತ್ರದ ನಿಯಮವೊಂದಿದೆ. ಒಳಗಿನ ಒತ್ತಡ ಅಷ್ಟೇ ಇದ್ದರೂ ಗುಳ್ಳೆ ದೊಡ್ಡದಾದಷ್ಟೂ, ಗೋಡೆ ತೆಳುವಾದಷ್ಟೂ ಗೋಡೆಯ ಮೇಲಿನ ಬಿಗಿತ ಹೆಚ್ಚುತ್ತದೆ. ಸೈಕಲ್ ಟ್ಯೂಬಿನಲ್ಲಿ ಒಮ್ಮೆ ಉಬ್ಬು ಕಾಣಿಸಿಕೊಂಡರೆ ಗಾಳಿ ತುಂಬಿದಂತೆಲ್ಲ ಆ ಉಬ್ಬೇ ಹಿಗ್ಗುವುದನ್ನು ನಾವು ಕಂಡಿದ್ದೇವೆ.

ಇದನ್ನು ಓದಿ ಯಾರೂ ಭಯಪಡಬೇಕಾಗಿಲ್ಲ. ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಮಂದಿಯಲ್ಲಿ ಇಂತಹ ಗುಳ್ಳೆ ಇರಬಹುದೆಂಬ ಅಂದಾಜಿದೆ. ಅವುಗಳಲ್ಲಿ ಹೆಚ್ಚಿನವು ಚಿಕ್ಕವಾಗಿದ್ದು ಜೀವಮಾನವಿಡೀ ಒಡೆಯದೆ ಉಳಿಯುತ್ತವೆ. ಆದರೆ ಒಡೆದರೆ ಅಪಾಯ ಅತಿ ದೊಡ್ಡದು. ಹಾಗೆ ಒಡೆದವರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಜನ ಬದುಕುಳಿಯುವುದಿಲ್ಲ.

ಹರಿವನ್ನು ತಿರುಗಿಸುವ ಚಿಕಿತ್ಸೆ

ಚಿಕಿತ್ಸೆಯ ಇತಿಹಾಸವೆಂದರೆ ಗುಳ್ಳೆಯೊಳಕ್ಕೆ ರಕ್ತ ಹರಿಯದಂತೆ ತಡೆಯುವ ಪ್ರಯತ್ನಗಳ ಇತಿಹಾಸ. ಅಮೆರಿಕದ ವಾಲ್ಟರ್ ಡ್ಯಾಂಡಿ 1937ರಲ್ಲಿ ತಲೆಬುರುಡೆ ತೆರೆದು ಗುಳ್ಳೆಯ ಕತ್ತಿಗೆ ಬೆಳ್ಳಿಯ ಕ್ಲಿಪ್ಪು ಹಾಕಿದರು. ಇಟಲಿ ಮೂಲದ ಗುಗ್ಲಿಯೆಲ್ಮಿ ಅವರು ತೊಡೆಯ ಅಪಧಮನಿಯ ಮೂಲಕ ಸಣ್ಣ ನಳಿಕೆಯನ್ನು ಮಿದುಳಿನವರೆಗೆ ಸಾಗಿಸಿ, ಕೂದಲಿನಂತಹ ಪ್ಲಾಟಿನಂ ತಂತಿಯ ಸುರುಳಿಯನ್ನು ಗುಳ್ಳೆಯೊಳಗೆ ತುಂಬುವ ವಿಧಾನವನ್ನು 1991ರಲ್ಲಿ ಪ್ರಕಟಿಸಿದರು. ಮೂರನೆಯ ವಿಧಾನಕ್ಕೆ ಅಮೆರಿಕದಲ್ಲಿ 2011ರಲ್ಲಿ ಅನುಮತಿ ದೊರೆಯಿತು. ಇದರಲ್ಲಿ ಗುಳ್ಳೆಯನ್ನು ಮುಟ್ಟುವುದೇ ಇಲ್ಲ. ಗುಳ್ಳೆಯ ಬಾಯಿಗೆ ಅಡ್ಡಲಾಗಿ, ಮೂಲ ನಾಳದೊಳಗೆ ಒತ್ತಾದ ಹೆಣಿಗೆಯ ಲೋಹದ ಕೊಳವೆಯನ್ನು ಇರಿಸುತ್ತಾರೆ. ರಕ್ತ ನೇರವಾಗಿ ಮುಂದೆ ಸಾಗುತ್ತದೆ. ಗುಳ್ಳೆಯೊಳಗಿನ ರಕ್ತ ನಿಧಾನವಾಗಿ ಹೆಪ್ಪುಗಟ್ಟುತ್ತದೆ. ಕೆಲವು ತಿಂಗಳುಗಳಲ್ಲಿ ಹೆಣಿಗೆಯ ಮೇಲೆ ಹೊಸ ಒಳಪದರ ಬೆಳೆದು ಗುಳ್ಳೆಯ ಬಾಯಿ ಮುಚ್ಚಿಕೊಳ್ಳುತ್ತದೆ. ಗುಳ್ಳೆಯನ್ನು ಬೆಳೆಸಿದ ಹರಿವನ್ನೇ ತಿದ್ದಿ ಗುಳ್ಳೆಯನ್ನು ಅಳಿಸುವ ಜಾಣ್ಮೆಯಿದು. ಯಾರಿಗೆ ಯಾವ ವಿಧಾನ ತಕ್ಕದ್ದು, ಯಾರಿಗೆ ಕಾಲಕಾಲಕ್ಕೆ ಪರೀಕ್ಷಿಸುತ್ತಿದ್ದರೆ ಸಾಕು ಎಂಬುದನ್ನು ತಜ್ಞರೇ ನಿರ್ಧರಿಸಬೇಕು.

ಮನೆಯವರು ಅರಿತಿರಬೇಕಾದುದು

ಹುಟ್ಟಿನಿಂದ ಬಂದ ನಾಳಗಳ ರಚನೆಯನ್ನು ನಾವು ಬದಲಿಸಲಾರೆವು. ಆದರೆ ಅವುಗಳ ಗೋಡೆಗೆ ಬಡಿಯುವ ಒತ್ತಡವನ್ನು ಹತೋಟಿಯಲ್ಲಿಡುವುದು ನಮ್ಮಿಂದ ಸಾಧ್ಯ. ರಕ್ತದೊತ್ತಡವಿರುವವರು "ಈಗ ಚೆನ್ನಾಗಿದ್ದೇನೆ" ಎಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿ ಅಡಗಿರುವ ಉಪ್ಪನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೀಡಿ, ಸಿಗರೇಟುಗಳ ಹೊಗೆ ಗೋಡೆಯ ಉರಿಯೂತವನ್ನು ಹೆಚ್ಚಿಸಿ ಗುಳ್ಳೆ ಒಡೆಯುವ ಸಂಭವವನ್ನು ಏರಿಸುತ್ತದೆ. ಅದನ್ನು ಪೂರ್ತಿಯಾಗಿ ಬಿಡುವುದೇ ಸರಿ. ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಇವರಲ್ಲಿ ಇಬ್ಬರಿಗೆ ಈ ಕಾಯಿಲೆ ಬಂದಿದ್ದರೆ, ಅಥವಾ ಮೂತ್ರಪಿಂಡಗಳಲ್ಲಿ ನೀರುಗುಳ್ಳೆಗಳು ಬೆಳೆಯುವ ಆನುವಂಶಿಕ ರೋಗ ಮನೆತನದಲ್ಲಿದ್ದರೆ, ಎಂ.ಆರ್.ಐ. ಯಂತ್ರದಿಂದ ರಕ್ತನಾಳಗಳ ಚಿತ್ರ ತೆಗೆಸಬೇಕೇ ಎಂದು ವೈದ್ಯರನ್ನು ಕೇಳಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಜೀವಮಾನದಲ್ಲಿ ಎಂದೂ ಕಾಣದಂತಹ ತಲೆನೋವು, ಸಿಡಿಲು ಹೊಡೆದಂತೆ ಒಮ್ಮೆಗೇ ಬಂದರೆ, ಜೊತೆಗೆ ವಾಂತಿ, ಕತ್ತಿನ ಬಿಗಿತ ಅಥವಾ ಮಂಪರು ಇದ್ದರೆ, ಅದನ್ನು ಪಿತ್ತವೆಂದೋ ದೃಷ್ಟಿಯೆಂದೋ ಭಾವಿಸಿ, ಅಮೃತಾಂಜನ ಹಚ್ಚಿ, ನೋವಿನ ಮಾತ್ರೆ ನುಂಗಿಸಿ ಮಲಗಿಸಬಾರದು. ಒಂದು ಕಣ್ಣಿನ ರೆಪ್ಪೆ ಇದ್ದಕ್ಕಿದ್ದಂತೆ ಜೋತುಬಿದ್ದು ಪಾಪೆ ಹಿಗ್ಗಿದರೂ ಅಷ್ಟೇ ಎಚ್ಚರ ಬೇಕು. ಸಣ್ಣದಾಗಿ ಸೋರಿದ ಗುಳ್ಳೆ ಮತ್ತೆ ಒಡೆಯುವ ಅಪಾಯ ಮೊದಲ 24 ಗಂಟೆಗಳಲ್ಲಿ ಹೆಚ್ಚು. ತಲೆಯ ಸಿ.ಟಿ. ಸ್ಕ್ಯಾನ್ ಮೊದಲ 6 ಗಂಟೆಗಳೊಳಗೆ ಆದರೆ ಸೋರಿದ ರಕ್ತ ಬಹುತೇಕ ತಪ್ಪದೆ ಗೋಚರಿಸುತ್ತದೆ. ಬೆಳಗಾಗಲಿ ನೋಡೋಣ ಎಂದು ಕಾಯುವ ಆ ಒಂದು ರಾತ್ರಿಯಲ್ಲಿಯೇ ಜೀವವೊಂದು ಕೈತಪ್ಪಿ ಹೋಗಬಹುದು. ಇಂತಹ ತಲೆನೋವು ಬಂದ ಕೂಡಲೇ, ಹೊತ್ತು ಯಾವುದೇ ಇರಲಿ, ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಹೊರಡಬೇಕೆಂಬುದನ್ನು ಮನೆಯ ಹಿರಿಯರೂ ಕಿರಿಯರೂ ಅರಿತಿರಲಿ ಎಂಬುದೇ ನಮ್ಮ ಆಶಯ.